ಪಡುವಣ ಗೋಡೆಗೆ ಏಳು ದಿನ

ಮಟಕಿ ಊರಿನ ನಮ್ಮ ಮನೆಗೆ ಹೊಸದೊಂದು ಕೋಣೆ ಕಟ್ಟಿಸಿದಾಗ ಅದರ ಪಡುವಣ ಗೋಡೆಗೆ ನಾನು ಏಳು ದಿನ ನೀರು ಹೊಡೆದೆ. ಒಂದು ಗೋಡೆಯ ಮೇಲೆ ಇಷ್ಟು ಸಿಟ್ಟು ಬರಬಹುದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಗೋಡೆಗೆ ಸಿಮೆಂಟಿನ ಗಿಲಾವ್ ಮಾಡುವ ಹಿಂದಿನ ದಿನ ಗಾರೆ ಕೆಲಸದ ಗೌಂಡಿ ನನ್ನ ಗಂಡನಿಗೆ ಬಿಡಿಸಿ ಹೇಳಿದ್ದರು: “ಈ ಇಟ್ಟಂಗಿ ಭಾಳ ನೀರು ಹೀರ್ತಾವ್ರಿ. ಹೊಟ್ಟಿ ತುಂಬ ಕುಡಸ್ರಿ. ಇಲ್ಲಂದ್ರ ಗಿಲಾವಿನಾಗಿನ ನೀರು ಎಳಕೊಂಡು ಬಿಡ್ತಾವ.”

ಮರುದಿನ ಬೆಳಿಗ್ಗೆ ಆಳಂದದ ಬೇಳೆ ಮಿಲ್ಲಿನ ಕೆಲಸಕ್ಕೆ ಹೊರಡುವ ಅವಸರದಲ್ಲಿ ಗಂಡ ಎರಡು ಕೊಡ ನೀರು ಎರಚಿದರು. ಇಟ್ಟಂಗಿಯ ಮೈ ಕಪ್ಪಾಯಿತು. “ಬಣ್ಣ ತಿರುಗ್ತಲ್ಲ, ಸಾಕು” ಎಂದು ಬಸ್ಸಿಗೆ ಓಡಿದರು. ಗೌಂಡಿ ಬಂದು, “ಕುಡಿಸೀರಿಲ್ರಿ?” ಎಂದು ಕೇಳಿದಾಗ ಅತ್ತೆ, “ನನ್ನ ಮಗ ಕುಡಿಸ್ಯಾನ” ಎಂದರು. ಎರಡೇ ಕೊಡ ಎಂದು ನೋಡಿದ್ದ ನಾನು ಬಾಯಿ ಬಿಡಲಿಲ್ಲ. ಗಂಡನ ಮಾನ ನೋಡಿ!

ಹಸಿ ಗಿಲಾವ್ ಗಟ್ಟಿಯಾಗಲು ಏಳು ದಿನ ಹೊತ್ತುಹೊತ್ತಿಗೆ ನೀರು ಹೊಡೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರನೆಯ ದಿನ ಆಳಂದದ ಖಾಸಗಿ ಶಾಲೆಯೊಂದರಿಂದ ನನಗೆ ಫೋನು ಬಂತು. ಗಣಿತದ ಟೀಚರ್ ಬೇಕಾಗಿತ್ತು. ನಾಡಿದ್ದು ಹತ್ತು ಗಂಟೆಗೆ ಬಂದು ಒಂದು ಪಾಠ ಮಾಡಿ ತೋರಿಸಬೇಕು. ಮದುವೆಯಾದ ಮೇಲೆ ನನ್ನನ್ನು ಕೇಳಿಕೊಂಡು ಬಂದ ಮೊದಲ ಕೆಲಸ ಅದು.

“ಬ್ಯಾಸಗಿ ಬಿಸಲು. ಒಂದು ದಿನ ಒಣಗಿದ್ರ ಗ್ವಾಡಿ ಬಿರಿತದ” ಎಂದರು ಗಂಡ. “ನೌಕರಿ ಮುಂದ ಸಿಗ್ತಾವ ತಗೊ.” ಅತ್ತೆ ತಮ್ಮ ಮೊಣಕಾಲು ಮುಟ್ಟಿ ತೋರಿಸಿದರು. ಇನ್ನುಳಿದವಳು ನಾನೊಬ್ಬಳೇ.

ಆ ದಿನ ಹತ್ತು ಗಂಟೆಗೆ ಕೊಡ ಹಿಡಿದು ಗೋಡೆಯ ಮುಂದೆ ನಿಂತಿದ್ದೆ. ತಯಾರಿ ಮಾಡಿಕೊಂಡಿದ್ದ ಭಿನ್ನರಾಶಿಯ ಪಾಠವನ್ನು ಆ ಗೋಡೆಗೇ ಮೆಲ್ಲಗೆ ಹೇಳಿದೆ. ಹೇಳುತ್ತ ಹೇಳುತ್ತ ಅಳು ಬಂತು. ಸಂಜೆ ಶಾಲೆಯವರು, ಬಂದವರಲ್ಲೇ ಒಬ್ಬರನ್ನು ತೆಗೆದುಕೊಂಡೆವು ಎಂದು ತಿಳಿಸಿದರು.

ಹತ್ತನೆಯ ದಿನ ಗೌಂಡಿ ಬಂದು ಗೋಡೆ ಬಡಿದರು. ಡಬಡಬ ಎಂದು ಪೊಳ್ಳು ಸದ್ದು. ಕರಣಿಯ ತುದಿ ತಾಗಿಸಿದ್ದೇ ತಡ, ಅಂಗೈಯಗಲ ಗಿಲಾವ್ ಕಳಚಿ ಬಿತ್ತು. ಒಳಗಿನ ಇಟ್ಟಂಗಿಗೆ ಒಂದು ಚೂರೂ ಹತ್ತಿರಲಿಲ್ಲ.

“ನಿಮ್ಮ ತಪ್ಪಿಲ್ರಿ ಅಕ್ಕಾರ. ಇಟ್ಟಂಗಿಗೆ ಮೊದಲ ಕುಡಿಸಿಲ್ಲ. ಆಮ್ಯಾಲ ಎಷ್ಟು ಹೊಡದ್ರೂ ಅಷ್ಟ” ಎಂದರು.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು ನನ್ನ ಏಳು ದಿನ. ಗಂಡ ನನ್ನ ಕಡೆ ನೋಡಲೂ ಇಲ್ಲ. “ಕೆತ್ತಿ ಮತ್ತ ಮಾಡ್ರಿ. ನೀರಿನ ಚಿಂತಿ ಬ್ಯಾಡ, ಈಕಿ ಮನ್ಯಾಗ ಇರ್ತಾಳಲ” ಎಂದರು. ಮೈಯೆಲ್ಲ ಉರಿಯಿತು.

“ಕೆಲಸ ಯಾವಾಗ ಹಿಡೀಲ್ರಿ?” ಎಂದು ಗೌಂಡಿ ಕೇಳಿದರು.

“ನಾಳೆನ” ಎಂದೆ. ಇನ್ನೊಂದು ಫೋನು ಬರುವುದರೊಳಗೆ ಇದೊಂದು ಮುಗಿದುಹೋಗಲಿ ಎಂದು. ಈ ಸಲ ಇಟ್ಟಂಗಿಗೆ ನಾನೇ ನೀರು ಕುಡಿಸಿದೆ, ಇನ್ನು ಸಾಕು ಎಂದು ಅದೇ ಹೊರಗೆ ಚೆಲ್ಲುವವರೆಗೆ. ಗೋಡೆ ಗಟ್ಟಿಯಾಗಿ ನಿಂತಿದೆ. ಫೋನು ಮಾತ್ರ ಮತ್ತೆ ಬರಲಿಲ್ಲ.