ಕೆಲ್ವಿನ್‌ಗೆ ಧಿಕ್ಕಾರ

ಶಿಕಾಗೋದ ದಕ್ಷಿಣದ ಬೀದಿಗಳಲ್ಲಿ ಒಡೆಸ್ಸಮ್ಮ ಮುತ್ತಿಗೆ ಹಾಕದ ಕಚೇರಿಯಿಲ್ಲ. ಅವಳ ಹತ್ತಿರವೇ ಧಿಕ್ಕಾರ ಕೂಗಲು ಕಲಿತ ಕೆಲ್ವಿನ್ ಈಗ ವಾರ್ಡಿನ ಕೌನ್ಸಿಲರ್. ಆದರೂ ಬೀದಿಯ ಕಸ ಎತ್ತುವವರಿಲ್ಲ. ಮೈಯೆಲ್ಲ ಉರಿದು ಅವಳು ನೆರೆಹೊರೆಯವರನ್ನು ಕಟ್ಟಿಕೊಂಡು ಅವನ ಕಚೇರಿಗೇ ನುಗ್ಗಿದಳು.

ಕೆಲ್ವಿನ್ ಕುರ್ಚಿ ಬಿಟ್ಟು ಓಡಿ ಬಂದು ಗುಂಪಿನ ನಡುವೆ ನೆಲದ ಮೇಲೆ ಕೂತ. "ಕೌನ್ಸಿಲರ್ ಕೆಲ್ವಿನ್‌ಗೆ ಧಿಕ್ಕಾರ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಜನ ಚಪ್ಪಾಳೆ ತಟ್ಟಿದರು.

"ಲೋ, ನಾಚಿಕೆ ಆಗಲ್ವೇನೋ?" ಒಡೆಸ್ಸಮ್ಮ ಗದರಿದಳು.

"ಯಾವಾಗ್ಲೂ ಜನರ ಜೊತೆ ಕೂತ್ಕೋ ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ, ಅಮ್ಮಾ!"

"ಸರಿ ಕಣಪ್ಪಾ, ಕೂತಿರು."

ಅವಳು ಹೋಗಿ ಅವನ ಖಾಲಿ ಕುರ್ಚಿಯಲ್ಲಿ ಕೂತು ಫೋನೆತ್ತಿದಳು. "ಹಲೋ, ಕಸದ ಇಲಾಖೆನಾ? ಕೌನ್ಸಿಲರ್ ಆಫೀಸಿಂದ ಮಾತಾಡ್ತಿರೋದು, ಈಗ್ಲೇ ಲಾರಿ ಕಳ್ಸಿ. ಕೆಲ್ವಿನ್ನಾ? ಅವನು ಧಿಕ್ಕಾರ ಕೂಗೋದ್ರಲ್ಲಿ ಬಿಜಿ."