ಭಾವನ ಮೀಸೆಯ ಕುಂಬಳಕಾಯಿ

ಹೋದ ವಾರ ನಾನು ನಮ್ಮ ಭಾವನ ಮುಖಕ್ಕೆ ಮಚ್ಚು ಹಾಕಿದೆ. (ಗಾಬರಿಯಾಗಬೇಡಿ. ಭಾವ ತೀರಿಕೊಂಡು ಐದು ತಿಂಗಳಾಯಿತು. ಕಡಿದದ್ದು ಕುಂಬಳಕಾಯಿ.)

ದೇವಲಾಪುರದ ಹತ್ತಿರ ನಮ್ಮಕ್ಕನ ಮನೆ. ಗೌರಿ ಹಬ್ಬ ಕಳೆದು ಹಿತ್ತಲಿನ ಕುಂಬಳಕಾಯಿ ಬಲಿತರೆ ಸಾಕು, ಎಲ್ಲವನ್ನೂ ಜಗುಲಿ ಮೇಲೆ ಸಾಲಾಗಿ ಕೂರಿಸಿ ಬಣ್ಣ ಹಚ್ಚುತ್ತಿದ್ದಳು. ಸುಣ್ಣ, ಕೆಮ್ಮಣ್ಣು, ಅರಿಸಿನ, ಮಸಿ. ಒಂದಕ್ಕೆ ಬಳ್ಳಿ, ಒಂದಕ್ಕೆ ನವಿಲು. ಎಲ್ಲಕ್ಕಿಂತ ದೊಡ್ಡದಕ್ಕೆ ಭಾವನ ಮುಖ. ಗಿರಿಜಾ ಮೀಸೆ, ಹಣೆಗೆ ಕುಂಕುಮ, ತೊಟ್ಟಿಗೆ ಚಿಂದಿ ಸುತ್ತಿ ಪೇಟ.

"ನಿಮ್ ಭಾವನ್ಗಿಂತ ಇದೇ ವಾಸಿ ಕಣ್ಲಾ, ಎದುರು ಮಾತಾಡಲ್ಲ" ಅನ್ನುತ್ತಿದ್ದಳು. ಭಾವ ಮೀಸೆ ತಿರುವಿಕೊಂಡು ನಗುತ್ತಿದ್ದರು.

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವ ಹಾಗಿಲ್ಲ. ಗಂಡಸು ಒಡೆದುಕೊಡಬೇಕು, ಆಮೇಲೆ ಅವರು ಹೆಚ್ಚಿಕೊಳ್ಳಬೇಕು. ಯಾಕೆ ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಅಕ್ಕನಿಗೆ ಮಕ್ಕಳಿಲ್ಲ. ಈ ಸಲ ಹಿರಿಯರ ಹಬ್ಬಕ್ಕೆ ಭಾವನಿಗೇ ಎಡೆ. ಅವರಿಗೋ ಕುಂಬಳಕಾಯಿ ಪಲ್ಯ ಅಂದರೆ ಪ್ರಾಣ. ಕಾಯಿ ಒಡೆದುಕೊಡು ಬಾ ಅಂತ ನನಗೆ ಹೇಳಿಕಳಿಸಿದಳು.

ದಾರಿಯಲ್ಲಿ ಬಸ್ಸು ಕೆಟ್ಟಿತು. ಬಿಸಿಲಲ್ಲಿ ನಡೆದು ತಲುಪಿದೆ. ನನ್ನ ಕೋಪ ನಿಮಗೆ ಗೊತ್ತೇ ಇದೆಯಲ್ಲ? "ಒಂದು ಕುಂಬಳಕಾಯಿ ಒಡೆಯೋಕೆ ನಾಗಮಂಗಲದಿಂದ ಆಳು ಬರಬೇಕಾ? ಕಾಲ ಎಲ್ಲಿದೆ, ನೀನೆಲ್ಲಿದ್ದೀಯ?" ಅಂತ ಬಾಗಿಲಲ್ಲೇ ಲೆಕ್ಚರ್ ಶುರುಮಾಡಿದೆ. (ಈ ಕಾಲಂ ಬರೆದು ಬರೆದು ಬಂದ ಚಾಳಿ.) ಅಕ್ಕ ಮಚ್ಚು ತಂದಿಟ್ಟು, ನೀರು ತರಲು ಒಳಗೆ ಹೋದಳು. ಜಗುಲಿ ಮೇಲೆ ಈ ಸಲ ಇದ್ದದ್ದು ಒಂದೇ ಕಾಯಿ. ಬಾಯಿ ಮಾತಾಡುತ್ತಲೇ ಇತ್ತು, ಕೈ ಒಂದೇ ಏಟು ಹಾಕಿತು.

ಹೋಳಾದ ಮೇಲೆ ಕಂಡಿತು. ಇದರಲ್ಲಿ ಅರ್ಧ ಮೀಸೆ, ಅದರಲ್ಲಿ ಅರ್ಧ ಮೀಸೆ. ಬರೀ ಸುಣ್ಣ, ಮಸಿ. ಹಣೆ ಖಾಲಿ.

ಅಕ್ಕ ಚೊಂಬು ಹಿಡಿದು ಹೊಸಿಲಲ್ಲೇ ನಿಂತುಬಿಟ್ಟಳು.

"ನಿಮ್ ಭಾವ ಬೆನ್ನ ಕಡೆಯಿಂದ ಕುಯ್ಯೋರು ಕಣಪ್ಪ. ಮಕ ಅಂಗೇ ಉಳಿಸ್ಕೊಡೋರು."

"ಮೊದಲೇ ಹೇಳಬಾರದಿತ್ತಾ ಅಕ್ಕ?"

"ನೀನು ಯೋಳಾಕೆ ಬುಟ್ಯಾ?"

ತಪ್ಪು ಮುಚ್ಚಿಕೊಳ್ಳಲು ಇನ್ನೊಂದು ತಪ್ಪು ಮಾಡಿದೆ. ಹಣೆಗೆ ಯಾಕೆ ಏನೂ ಇಟ್ಟಿಲ್ಲ ಅಂತ ಕೇಳಿದೆ.

"ಕುಂಕುಮದ ಭರಣಿ ನಾನು ಮುಟ್ಟಂಗಿಲ್ವಲ್ಲ. ನೀನು ಬಂದ್ಮೇಲೆ ನಿನ್ ಕೈಲಿ ಇಡ್ಸಾನ ಅಂತಿದ್ದೆ."

ಆಮೇಲೆ ಎರಡೂ ಹೋಳು ಎತ್ತಿಕೊಂಡು ಈಳಿಗೆಮಣೆ ಮುಂದೆ ಕೂತಳು. ಸಿಪ್ಪೆ ಹೆರೆಯುವಾಗ ಮೀಸೆ ಇದ್ದ ಕಡೆ ಕೈ ನಿಧಾನವಾಯಿತು. ನಾನು ಅಲ್ಲೇ ಕೂತು ಅತ್ತೆ. ಅವಳು ಅಳಲಿಲ್ಲ, ಎಡೆಗೆ ಹೊತ್ತಾಗುತ್ತದೆ ಅಂದಳು.

ಕುಂಕುಮ ಮುಟ್ಟಬೇಡ, ಕಾಯಿ ಒಡೆಯಬೇಡ ಅಂತ ಅವಳಿಗೆ ಹೇಳಿಕೊಟ್ಟವರು, ಒಂದು ಗಳಿಗೆ ಕಣ್ಣುಬಿಟ್ಟು ನೋಡು ಅಂತ ನಮಗೆ ಯಾಕೆ ಹೇಳಿಕೊಡಲಿಲ್ಲ?