ಡಾಕ್ಟರಮ್ಮನ ಕೈ, ನಾದಿನಿಯ ಬ್ಯಾಗು

ಸ್ಯಾನಿಟೈಸರ್ ಹಚ್ಚಿಕೊಂಡ ಒದ್ದೆ ಕೈಯಲ್ಲಿ ಚರ್ಮದ ಬ್ಯಾಗು ಹಿಡಿದರೆ ಅದರ ಬಣ್ಣ ಏಳುತ್ತದೆ. ಮೂರು ತಿಂಗಳ ಸಂಬಳ ಸುರಿದು ಬ್ಯಾಗು ಕೊಳ್ಳುವವರಿಗೆ ಇಷ್ಟಾದರೂ ಗೊತ್ತಿರಬೇಕಿತ್ತು. ಗೊತ್ತಿಲ್ಲ. ಬೆಲೆ ಗೊತ್ತು, ಕಂಪನಿಯ ಹೆಸರು ಗೊತ್ತು, ಬಕಲ್ ಮೇಲಿನ ಅಕ್ಷರ ಅಸಲಿಯೋ ನಕಲಿಯೋ ಎಂದು ಹತ್ತು ಅಡಿ ದೂರದಿಂದಲೇ ಹೇಳಬಲ್ಲರು. ಅದನ್ನು ಎಲ್ಲಿಡಬೇಕು, ಯಾವುದರಿಂದ ಒರೆಸಬೇಕು ಎಂದರೆ ಮಾತ್ರ ಪಿಳಿಪಿಳಿ ಕಣ್ಣು ಬಿಡುತ್ತಾರೆ.

ಇದೆಲ್ಲ ಬಲ್ಲವರೊಬ್ಬರು ಮಾರ್ಕೆಟ್ ಕಟ್ಟಡದ ನೆಲಮಹಡಿಯಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹದಿನೇಳು ವರ್ಷ ಕೂತಿದ್ದರು. ನೆಟ್ಟಗೆ ನಿಂತರೆ ತಲೆಗೆ ಮೆಟ್ಟಿಲು ತಾಗುವಂಥ ಜಾಗ. ಒಂದು ಮೇಜು, ಕತ್ತು ಬಗ್ಗಿಸಿದ ದೀಪ, ಹಳೇ ಹೊಲಿಗೆ ಯಂತ್ರ, ಮೇಣ ಹಚ್ಚಿದ ದಾರದ ಉಂಡೆಗಳು, ಬಣ್ಣದ ಪುಟ್ಟ ಶೀಶೆಗಳು. ಬ್ಯಾಗಿನ ಹೊಟ್ಟೆ ಬಿಚ್ಚಿ ಒಳಗಿನಿಂದ ಹೊಲಿಗೆ ಹಾಕುವುದನ್ನು ನೋಡಿ ಯಾರೋ ತಮಾಷೆಗೆ ‘ಡಾಕ್ಟರಮ್ಮ’ ಎಂದರು. ಆ ಹೆಸರೇ ನಿಂತಿತು. ಅದಕ್ಕೂ ಮುಂಚೆ ಕೈಗವಸು ಕಾರ್ಖಾನೆಯಲ್ಲಿ ಹೆಬ್ಬೆರಳು ಕೂಡಿಸುವ ಕೆಲಸ. ಉಳಿದ ನಾಲ್ಕು ಬೆರಳನ್ನು ಯಾರು ಬೇಕಾದರೂ ಹೊಲಿಯಬಹುದಂತೆ, ಹೆಬ್ಬೆರಳಿಗೆ ಕೈ ಪಳಗಿರಬೇಕಂತೆ. ಚರ್ಮ ಎಷ್ಟು ಎಳೆದರೆ ಹಿಗ್ಗುತ್ತದೆ, ಎಲ್ಲಿಗೆ ಮುನಿಯುತ್ತದೆ ಎಂಬುದು ಅಲ್ಲಿ ಬೆರಳಿಗೆ ಹತ್ತಿದ ವಿದ್ಯೆ. ಕಾರ್ಖಾನೆ ಮುಚ್ಚಿತು. ವಿದ್ಯೆ ಮುಚ್ಚಲಿಲ್ಲ.

ಡಾಕ್ಟರಮ್ಮನ ಹತ್ತಿರ ಹೋದವರು, ನಾನೂ ಸೇರಿ, ಬೈಸಿಕೊಳ್ಳದೆ ಬಂದದ್ದಿಲ್ಲ.

“ಇದೇನ್ ತಾಯಿ, ಬ್ಯಾಗೋ, ಕಸದ ಬುಟ್ಟಿನೋ?” ಎನ್ನುತ್ತ ಒಳಗಿನದ್ದನ್ನೆಲ್ಲ ಮೇಜಿನ ಮೇಲೆ ಸುರಿಯುತ್ತಿದ್ದರು. ಮುಚ್ಚಳವಿಲ್ಲದ ಪೆನ್ನು, ಕರಗಿದ ಚಾಕೊಲೇಟು, ಹೋದ ವರ್ಷದ ಬಸ್ ಟಿಕೆಟು. “ಮಸಿ ಎಲ್ಲಿಂದ ಬಂತು ಅಂತ ನನ್ನ ಕೇಳ್ತೀರಾ?”

“ದುಬಾರಿದು ಅಂತ ಪ್ಲಾಸ್ಟಿಕ್ ಕವರ್ ಹಾಕಿ ಬೀರುವಲ್ಲೇ ಇಟ್ಟಿದ್ದೆ ಡಾಕ್ಟರಮ್ಮ. ಆದ್ರೂ ಬೂಷ್ಟು ಬಂತಲ್ಲ!” ಎನ್ನುತ್ತಿದ್ದರು ಇನ್ನೊಬ್ಬರು.

“ನಿಮ್ಮನ್ನೂ ಪ್ಲಾಸ್ಟಿಕ್ ಸುತ್ತಿ ಬೀರುವಲ್ಲಿ ನಿಲ್ಲಿಸಿದ್ರೆ ನಿಮಗೂ ಬರುತ್ತೆ. ಹತ್ತಿ ಬಟ್ಟೆ ಚೀಲದಲ್ಲಿಡಿ. ಒಳಗೆ ಬಿಳಿ ಕಾಗದ ತುಂಬಿ, ಹಳೇ ಪೇಪರ್ ಬೇಡ, ಅದರ ಮಸಿ ಅಂಟುತ್ತೆ. ಮಳೇಲಿ ನೆನೆದ್ರೆ ಒಣ ಬಟ್ಟೇಲಿ ಒತ್ತಿ, ನೆರಳಲ್ಲಿಡಿ. ಕೂದಲು ಒಣಗಿಸೋ ಮೆಷಿನ್ ಹಿಡಿದು ಬಂದ್ರೋ, ನನ್ನ ಹತ್ರ ಬರಲೇಬೇಡಿ. ದೇವರ ಥರ ಕೂರಿಸಬೇಡಿ, ಕತ್ತೆ ಥರ ಹೇರಬೇಡಿ. ಅಷ್ಟೇ.”

ಮನೆಯಲ್ಲಿ ಅವರ ಅತ್ತೆ ಆಡಿಕೊಳ್ಳುತ್ತಿದ್ದರು: “ಊರವರ ಬ್ಯಾಗೆಲ್ಲ ನಮ್ಮ ಸೊಸೆ ಕೈಲಿ. ಇವಳು ಹಿಡ್ಕೊಂಡು ಹೋಗೋದು ಮಾತ್ರ ಅಕ್ಕಿ ಮೂಟೆ ಬಟ್ಟೆ ಚೀಲ!”

ಮೇಲಿನ ಮಹಡಿಯಲ್ಲಿ ದುಬಾರಿ ಬ್ಯಾಗುಗಳ ಶೋರೂಮ್. ರಿಪೇರಿಗೆ ಬಂದದ್ದನ್ನೆಲ್ಲ ಅಲ್ಲಿನ ಮ್ಯಾನೇಜರ್ ಕೆಳಕ್ಕೇ ಕಳಿಸುತ್ತಿದ್ದ. ಈ ವರ್ಷ ಅವನೇ ಬಂದು, “ಇನ್ನೆಷ್ಟು ದಿನ ಮೆಟ್ಟಿಲ ಕೆಳಗೆ? ಮುಂದಿನ ತಿಂಗಳಿಂದ ಮೇಲೇ ಬನ್ನಿ, ಕಿಟಕಿ ಇರೋ ಕೋಣೆ ಕೊಡ್ತೀವಿ” ಎಂದಿದ್ದ. ಡಾಕ್ಟರಮ್ಮನಿಗೆ ಆ ಕಿಟಕಿಯದ್ದೇ ಕನಸು. ಬಣ್ಣದ ವಾಸನೆಗೆ ಎದೆ ಕಟ್ಟಿ ಕೆಮ್ಮುವುದು ಅಭ್ಯಾಸವೇ ಆಗಿಹೋಗಿತ್ತು. ಹಗಲು ಬೆಳಕಲ್ಲಿ ಬಣ್ಣ ಕೂಡಿಸುವ ಸುಖವೇ ಬೇರೆ ಎಂದು ಅತ್ತೆಯ ಹತ್ತಿರ ಮೂರು ಸಲ ಹೇಳಿದ್ದರು.

ಈಗ ಬ್ಯಾಂಕಿನವಳ ವಿಷಯಕ್ಕೆ ಬರುತ್ತೇನೆ. ಪಕ್ಕದ ಬೀದಿಯ ಬ್ಯಾಂಕಿನಲ್ಲಿ ಕೆಲಸ. ಹನ್ನೊಂದು ವರ್ಷದಿಂದ ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಮೆಟ್ಟಿಲ ಕೆಳಗೇ ಬಂದು ಡಾಕ್ಟರಮ್ಮನ ಜೊತೆ ಹಂಚಿಕೊಂಡು ಉಣ್ಣುತ್ತಿದ್ದಳು. “ಅಕ್ಕಾ, ಅಕ್ಕಾ” ಎಂದು ಬಾಯಿ ತುಂಬ ಕರೆಯುತ್ತಿದ್ದಳು. ಗಂಡನ ಮೇಲಿನ ಸಿಟ್ಟು, ನಾದಿನಿಯ ದರ್ಪ, ಎಲ್ಲ ಆ ಮೇಜಿನ ಮೇಲೇ ಖಾಲಿಯಾಗುತ್ತಿತ್ತು. ಅವಳ ಬ್ಯಾಗಿನ ಜಿಪ್ಪು ಮೂರು ಸಲ ಹೋಗಿತ್ತು. ಮೂರು ಸಲವೂ ಕೂತಲ್ಲೇ ಹಾಕಿಕೊಟ್ಟದ್ದು. ತಂಗಿಯಿಲ್ಲದ ಡಾಕ್ಟರಮ್ಮ ಅವಳನ್ನು ‘ತಂಗಿ’ ಎಂದರು.

ಆ ನಾದಿನಿ ನಾಲ್ಕು ತಿಂಗಳ ಕೆಲಸಕ್ಕೆ ಬೇರೆ ದೇಶಕ್ಕೆ ಹೋಗುವಾಗ ತನ್ನ ಕೆನೆಬಣ್ಣದ ಬ್ಯಾಗನ್ನು ಇವಳ ಕೈಗೆ ಕೊಟ್ಟಳು. “ಸುಮ್ನೆ ಇಟ್ರೆ ಚರ್ಮ ಒಣಗುತ್ತೆ ಅತ್ತಿಗೆ. ಆಗಾಗ ಹಿಡ್ಕೊಂಡು ಓಡಾಡಿ. ಆದ್ರೆ ಹುಷಾರು” ಎಂದಳು. ಇವಳು ದಿನಾ ಹಿಡಿದಳು. ಬ್ಯಾಂಕಿನ ಬಾಗಿಲಲ್ಲಿ ಸ್ಯಾನಿಟೈಸರ್ ಹಚ್ಚಿದ ಕೈ ಆರುವ ಮುಂಚೆಯೇ ಹಿಡಿಕೆಗೆ ಹೋಗುತ್ತಿತ್ತು. ಹೊಸ ಜೀನ್ಸ್ ಪ್ಯಾಂಟಿಗೆ ಬ್ಯಾಗು ಉಜ್ಜಿ ಉಜ್ಜಿ ಅದರ ಬೆನ್ನೆಲ್ಲ ನೀಲಿಯಾಯಿತು. ನಾದಿನಿ ಬರುವ ದಿನ ಹತ್ತಿರವಾದಾಗ ಹೆದರಿ, ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ, ನೇಲ್ ಪಾಲಿಶ್ ರಿಮೂವರ್ ಹಾಕಿ ತಿಕ್ಕಿದಳು. ನೀಲಿ ಹೋಯಿತು. ಜೊತೆಗೆ ಕೆನೆಬಣ್ಣವೂ ಹೋಗಿ, ಅಂಗೈಯಗಲದ ಒರಟು ಚರ್ಮ ಬಾಯ್ಬಿಟ್ಟಿತು.

ಊಟದ ಹೊತ್ತಿಗೆ ಓಡಿ ಬಂದು ಬ್ಯಾಗನ್ನು ಮೇಜಿನ ಮೇಲಿಟ್ಟು ಅತ್ತಳು.

“ಯಾರು ಮಾಡಿದ್ದು ಇದು?”

“ನಾನೇ ಅಕ್ಕಾ. ರಿಮೂವರ್ ಹಾಕ್ದೆ.”

ಎದುರಿಗೆ ಮೊಬೈಲ್ ಕವರ್ ಮಾರುವವನು ಗಹಗಹಿಸಿ ನಕ್ಕ. “ಮೇಡಂ, ಉಗುರಿಗೂ ಬ್ಯಾಗಿಗೂ ವ್ಯತ್ಯಾಸ ಬೇಡ್ವಾ!”

“ನೀನು ಸುಮ್ನಿರಪ್ಪ,” ಎಂದು ಡಾಕ್ಟರಮ್ಮ ಅವನನ್ನು ಗದರಿಸಿದರು. ಆಮೇಲೆ ಬ್ಯಾಗು ತಿರುಗಿಸಿ ನೋಡಿ, “ನೋಡು ತಂಗಿ, ಮುಚ್ಚಬಹುದು. ಮೊದಲಿನ ಥರ ಆಗಲ್ಲ. ನಾದಿನಿಗೆ ನಿಜ ಹೇಳಿಬಿಡು” ಎಂದರು.

“ಹೇಳ್ತೀನಕ್ಕಾ. ಖಂಡಿತ ಹೇಳ್ತೀನಿ.”

ಡಾಕ್ಟರಮ್ಮನ ಕೆಲಸಕ್ಕೊಂದು ಕಟ್ಟುಪಾಡಿತ್ತು. ಯಾವ ಬ್ಯಾಗು ಬಂದರೂ ಚೀಟಿಯಲ್ಲಿ ಅದರ ಆಕಾರ ಗೀಚಿ, ಕಲೆ ಎಲ್ಲಿ, ಬಿರುಕು ಎಲ್ಲಿ ಎಂದು ಗುರುತು ಹಾಕಿ, ತಂದವರ ಸಹಿ ತೆಗೆದುಕೊಂಡು, ಅದರ ನಕಲೊಂದನ್ನು ಅವರ ಕೈಗೆ ಕೊಡುವುದು. ಸಹಿಯಿಲ್ಲದೆ ಸೂಜಿ ಮುಟ್ಟುತ್ತಿರಲಿಲ್ಲ. ಅಂಥ ಚೀಟಿಗಳು ಬಿಸ್ಕತ್ ಡಬ್ಬಗಳಲ್ಲಿ ಸಾವಿರಗಟ್ಟಲೆ ಇದ್ದವು. ಅವತ್ತು ಚೀಟಿ ತೆಗೆದಾಗ ಇವಳು ಕೈ ಹಿಡಿದುಕೊಂಡಳು.

“ಅಕ್ಕಾ, ರಿಮೂವರ್ ಅಂತ ಬರೀಬೇಡಿ. ನನ್ನ ಪರ್ಸಲ್ಲಿ ಚೀಟಿ ಸಿಕ್ಕಿದ್ರೆ ನಾನು ಹೇಳೋ ಮುಂಚೆ ಮನೇಲಿ ರಾಮಾಯಣ ಆಗುತ್ತೆ. ಹಿಡಿಕೆ ಹೊಲಿಗೆ ಅಂತ ಬರ್ಕೊಳ್ಳಿ. ನನಗೋಸ್ಕರ.”

ತಂಗಿಯಲ್ಲವೇ? ಡಾಕ್ಟರಮ್ಮ ಬರೆದರು. ‘ಹಿಡಿಕೆ ಹೊಲಿಗೆ’ ಎಂದು, ತಮ್ಮ ಕೈಯಾರೆ. ಬ್ಯಾಗಿನ ಬೆನ್ನಿನ ಜಾಗ ಚೀಟಿಯಲ್ಲಿ ಖಾಲಿ ಉಳಿಯಿತು.

ಹತ್ತು ದಿನ ಆ ಅಂಗೈಯಗಲದ ಜಾಗದ ಮೇಲೆ ಕೂತರು. ಎಳೆಎಳೆಯಾಗಿ ತುಂಬಿ, ನಯವಾಗಿ ತಿಕ್ಕಿ, ಐದು ಸಲ ಬಣ್ಣ ಕೂಡಿಸಿ ನಾಲ್ಕು ಸಲ ಚೆಲ್ಲಿದರು. ಕೊಟ್ಟಾಗ ಬ್ಯಾಂಕಿನವಳೇ ಬೆರಳಾಡಿಸಿ ಹುಡುಕಿದರೂ ಜಾಗ ಸಿಗಲಿಲ್ಲ.

ಸಿಕ್ಕಿದ್ದು ಶೋರೂಮ್ ಮ್ಯಾನೇಜರನಿಗೆ. ನಾದಿನಿ ವಾಪಸು ಬಂದವಳು ಬ್ಯಾಗನ್ನು ಸರ್ವಿಸಿಗೆಂದು ಅಲ್ಲಿಗೆ ಒಯ್ದಿದ್ದಳು. ಅವನು ದೀಪದ ಕೆಳಗೆ ಓರೆ ಹಿಡಿದು, “ಇಲ್ಲಿ ಬಣ್ಣ ಹಾಕಿದ್ದಾರೆ ಮೇಡಂ. ಇದು ಕಂಪನಿ ಬಣ್ಣ ಅಲ್ಲ” ಎಂದ. ನಾದಿನಿ ಅಲ್ಲಿಂದಲೇ ಅತ್ತಿಗೆಗೆ ಫೋನ್ ಮಾಡಿ ಕರೆಸಿದಳು. ಕೆಳಗಡೆ ರಿಪೇರಿಗೆ ಕೊಟ್ಟಿದ್ದೆ ಎಂದಳು ಇವಳು. ಮೂವರೂ ಮೆಟ್ಟಿಲಿಳಿದು ಬಂದರು.

“ಯಾರ್ರೀ ನನ್ನ ಬ್ಯಾಗಿಗೆ ಬಣ್ಣ ಬಳಿದಿದ್ದು? ಇದೇನು ಗೋಡೆನಾ?” ಎಂದಳು ನಾದಿನಿ.

ಡಾಕ್ಟರಮ್ಮ ಎದ್ದು ನಿಂತರು. ಬ್ಯಾಂಕಿನವಳ ಕಡೆ ನೋಡಿದರು. ಹೇಳುತ್ತೇನೆ ಎಂದಿದ್ದಳಲ್ಲ, ಈಗ ಹೇಳುತ್ತಾಳೆ ಎಂದು.

ಹೇಳಿದಳು.

“ಹಿಡಿಕೆ ಸಡಿಲ ಆಗಿತ್ತು ಅಂತ ಕೊಟ್ಟಿದ್ದೆ, ಅಷ್ಟೇ. ಈಯಮ್ಮ ಒರೆಸ್ತೀನಿ ಅಂತ ಅದೇನೋ ರಿಮೂವರ್ ಹಾಕಿದ್ರು. ನಾನು ಬೇಡ ಅಂದೆ. ಕೇಳಲಿಲ್ಲ.”

ಅಕ್ಕ ಹೋಗಿ ಈಯಮ್ಮ ಆಗಲು ಒಂದು ಮಹಡಿಯ ಮೆಟ್ಟಿಲು ಸಾಕಾಯಿತು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತ್ತಂತೆ. ಕೋತಿಗೆ ಮೇಕೆ ಹನ್ನೊಂದು ವರ್ಷ ಊಟ ಹಂಚಿರಲಿಲ್ಲ.

“ತಂಗೀ, ನನ್ನ ಮುಖ ನೋಡಿ ಹೇಳು,” ಎಂದರು ಡಾಕ್ಟರಮ್ಮ. ಅವಳು ತನ್ನ ಬ್ಯಾಗಿನ ಜಿಪ್ಪು ಎಳೆದು ಕರವಸ್ತ್ರ ಹುಡುಕಿದಳು. ಜಿಪ್ಪು ಚೆನ್ನಾಗಿಯೇ ಓಡಿತು.

“ಚೀಟಿ ತೆಗೀರಿ,” ಎಂದ ಮ್ಯಾನೇಜರ್. ತೆಗೆದರು. ಬಚ್ಚಿಡಬಹುದಿತ್ತು, ಕಳೆದಿದೆ ಎನ್ನಬಹುದಿತ್ತು, ಆ ಬುದ್ಧಿ ಅವರಿಗಿಲ್ಲ. ಅವರದೇ ದುಂಡಕ್ಷರ: ಹಿಡಿಕೆ ಹೊಲಿಗೆ. ಬೇರೆ ಗುರುತಿಲ್ಲ. ಕೆಳಗೆ ಬ್ಯಾಂಕಿನವಳ ಸಹಿ.

“ಇವರೇ ಬರೆಯೋಕೆ ಹೇಳಿದ್ದು...” ಎಂದು ಡಾಕ್ಟರಮ್ಮ ಶುರು ಮಾಡಿದರು.

“ಹೇಳಿದ್ರೆ ಬರೆದುಬಿಡ್ತೀರಾ?” ಎಂದ ಅವನು. ತಪ್ಪು ಅವರದೂ ಹೌದು. ಪ್ರೀತಿಗೆ ಚೀಟಿ ಸುಳ್ಳಾಯಿತು. ಆದರೆ ಆ ತಪ್ಪಿನ ಹೆಸರು ಬೇರೆ, ಅವರ ತಲೆಗೆ ಕಟ್ಟಿದ ತಪ್ಪಿನ ಹೆಸರು ಬೇರೆ.

ಮೊಬೈಲ್ ಕವರಿನವನು ಅಲ್ಲೇ ಇದ್ದ. ರಿಮೂವರ್ ಮಾತು ಕೇಳಿ ಗಹಗಹಿಸಿದ ಅದೇ ಬಾಯಿ. ಡಾಕ್ಟರಮ್ಮ ಅವನ ಕಡೆ ತಿರುಗಿ, “ನೀನಾದ್ರೂ ಹೇಳಪ್ಪ” ಎಂದರು. ಅವನು ಕವರುಗಳನ್ನು ಬಣ್ಣದ ಪ್ರಕಾರ ಜೋಡಿಸುತ್ತ, “ಗಿರಾಕಿ ಇದ್ರು, ನಾನು ಗಮನಿಸಲಿಲ್ಲ ಡಾಕ್ಟರಮ್ಮ” ಎಂದ. ಆಮೇಲೊಂದು ದಿನ ನಾನೇ ಹೋಗಿ ಕೇಳಿದೆ. “ನಮಗ್ಯಾಕೆ ದೊಡ್ಡವರ ಉಸಾಬರಿ? ನಾನೂ ಇಲ್ಲೇ ಬದುಕಬೇಕಲ್ಲ” ಎಂದ. ಹಾಗಾದರೆ ಡಾಕ್ಟರಮ್ಮ ಎಲ್ಲಿ ಬದುಕಬೇಕು ಎಂದರೆ ಮತ್ತೆ ಕವರು ಜೋಡಿಸಿದ.

ಮೇಲಿನ ಕೋಣೆ ಇಲ್ಲ ಎಂದು ಸಂಜೆಗೇ ಗೊತ್ತಾಯಿತು. ಶೋರೂಮಿನಿಂದ ಕೆಲಸ ಇಳಿಯುವುದು ನಿಂತಿತು. ರಿಮೂವರ್ ಹಾಕುವ ಡಾಕ್ಟರಮ್ಮ ಎಂಬ ಮಾತು ಮೂರೂ ಮಹಡಿ ಸುತ್ತಿ ಬಂತು. ಎರಡು ತಿಂಗಳು ಖಾಲಿ ಮೇಜಿನ ಮುಂದೆ ಕೂತು, ಯಂತ್ರವನ್ನು ಮನೆಗೆ ಒಯ್ದರು. ಈಗ ಶಾಲೆ ಮಕ್ಕಳ ಚೀಲಕ್ಕೆ ಪಟ್ಟಿ ಹೊಲಿಯುತ್ತಾರೆ.

ನೋಡಲು ಹೋದಾಗ, ಕೆಲಸ ಹೋಯಿತಲ್ಲ ಎಂದು ನಾನು ಮರುಗಿದೆ. ಅವರು ತಲೆಯೆತ್ತದೆ ಹೇಳಿದರು: “ಹೋಗ್ಲಿ ಬಿಡಿ. ಬ್ಯಾಗು ಕದ್ದೆ ಅಂದಿದ್ರೂ ತಡ್ಕೋತಿದ್ದೆ. ಚರ್ಮಕ್ಕೆ ರಿಮೂವರ್ ಹಾಕೋವಳು ಅಂದ್ಲಲ್ಲ. ಕೆಲಸ ಬರದವಳು ಅಂದ್ಲು.”

ಅತ್ತೆ ಒಳಗಿನಿಂದ ಕೂಗಿದರು. “ಆ ಬ್ಯಾಂಕಿನ ಮಹಾತಾಯಿ ಮೆಸೇಜ್ ಹಾಕಿದ್ಲಲ್ಲ, ತೋರಿಸೇ!”

ತೋರಿಸಿದರು. ‘ಅಕ್ಕಾ ಬೇಜಾರು ಮಾಡ್ಕೋಬೇಡಿ. ನಾನು ಸಂಸಾರಸ್ಥೆ, ನಾದಿನಿ ಮುಂದೆ ತಲೆ ತಗ್ಗಿಸೋಕೆ ಆಗಲ್ಲ. ನಿಮಗಾದ್ರೆ ಇಂಥದ್ದೆಲ್ಲ ಅಭ್ಯಾಸ ಇರುತ್ತೆ.’ ಕೊನೆಗೊಂದು ಕೈಮುಗಿಯುವ ಚಿತ್ರ.

ಅಭ್ಯಾಸ ಇರುತ್ತದಂತೆ! ದುಡಿಯುವವರ ಮಾನಕ್ಕೆ ಜಡ್ಡುಗಟ್ಟಿರುತ್ತದೆ ಎಂದು ಇವರಿಗೆ ಹೇಳಿಕೊಟ್ಟವರು ಯಾರು? ಬ್ಯಾಗಿಗೆ ಗೀರು ಬಿದ್ದರೆ ನಿದ್ದೆಗೆಡುತ್ತೀರಿ. ಅದನ್ನು ಹೊಲಿದ ಕೈಯ ಮೇಲೆ ಗೀರೆಳೆದು ಗೊರಕೆ ಹೊಡೆಯುತ್ತೀರಿ.

ಓದುತ್ತಿರುವ ನಿಮಗೇ ಹೇಳುತ್ತಿದ್ದೇನೆ, ಪುಟ ತಿರುಗಿಸಬೇಡಿ. ದರ್ಜಿ, ಮೆಕ್ಯಾನಿಕ್ಕು, ಮನೆಗೆಲಸದಾಕೆ, ಯಾರೋ ಒಬ್ಬರ ತಲೆಗೆ ನಿಮ್ಮ ಕೈಯ ತಪ್ಪನ್ನು ಎಂದಾದರೂ ಕಟ್ಟಿದ್ದೀರಿ. ಯಾರೆಂದು ನಿಮಗೆ ಈಗಲೇ ನೆನಪಾಗಿದೆ. ಅವರಿಗೆ ಮೆಸೇಜ್ ಹಾಕಬೇಡಿ. ಯಾರ ಎದುರು ಅವರ ಹೆಸರು ಕೆಡಿಸಿದಿರೋ, ಇವತ್ತೇ ಅವರ ಎದುರಿಗೇ ಹೋಗಿ ನಿಂತು, ಜೋರಾಗಿ ಹೇಳಿ: “ಅದನ್ನು ಹಾಳು ಮಾಡಿದ್ದು ನಾನು.”